‘ಓ.ಕೆ.’ಯ ಪ್ರಾಚೀನತೆ: 1790ರ ನಮೂದೊಂದರ ಪಾಠವಿಚಾರ

‘ಓ.ಕೆ.’ಯ ಹುಟ್ಟನ್ನು ಅಮೆರಿಕದ ಏಳನೆಯ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್‌ಗೆ ಗಂಟುಹಾಕುವ ಚಾಳಿ ಇನ್ನೂ ನಿಂತಿಲ್ಲ. ಆತನಿಗೆ ಸ್ಪೆಲಿಂಗ್ ಬರುತ್ತಿರಲಿಲ್ಲ, ‘ಆಲ್ ಕರೆಕ್ಟ್’ ಎಂಬುದನ್ನು ಓ ಮತ್ತು ಕೆಗಳಿಂದ ಶುರುಮಾಡಿ ಬರೆಯುತ್ತಿದ್ದ ಎಂಬುದು 1840ರ ಚುನಾವಣೆಯ ಗೇಲಿ. ಅದನ್ನು ನಕ್ಕು ಬಿಡಬಹುದು. ಆದರೆ ಆ ಗೇಲಿಗೆ ದಾಖಲೆಯ ಬಲ ತಂದುಕೊಟ್ಟ ತಪ್ಪು ಓದನ್ನು ಹಾಗೆ ಬಿಡಲಾಗದು.

ಇಂದಿನ ಟೆನ್ನೆಸಿ ರಾಜ್ಯದ ಸಮ್ನರ್ ಕೌಂಟಿಯ ನ್ಯಾಯಾಲಯದ ಕಡತದಲ್ಲಿ 1790ರ ಅಕ್ಟೋಬರ್‌ನ ಒಂದು ನಮೂದಿದೆ. ಹ್ಯೂ ಮೆಗ್ಯಾರಿ ಎಂಬಾತ ಗ್ಯಾಸ್ಪರ್ ಮ್ಯಾನ್ಸ್ಕರ್‌ಗೆ ಗುಲಾಮನೊಬ್ಬನನ್ನು ಮಾರಿದ ಕ್ರಯಪತ್ರವನ್ನು ಜಾಕ್ಸನ್ ರುಜುವಾತುಪಡಿಸಿದ ಎಂಬುದು ಅದರ ಒಕ್ಕಣೆ. ಕೊನೆಯಲ್ಲಿರುವ ಎರಡು ಅಕ್ಷರಗಳನ್ನು ಟೆನ್ನೆಸಿಯ ಇತಿಹಾಸಕಾರ ಪಟ್ನಮ್ ‘ಓ.ಕೆ.’ ಎಂದು ಓದಿದರು. ಜಾಕ್ಸನ್‌ನ ಜೀವನಚರಿತ್ರೆ ಬರೆದ ಜೇಮ್ಸ್ ಪಾರ್ಟನ್ ಅದನ್ನು ಎತ್ತಿಕೊಂಡರೂ, ಅದು ‘ಓ.ಆರ್.’, ಅಂದರೆ ‘ದಾಖಲಿಸಲು ಆದೇಶ’ ಇರಬಹುದೆಂದು 1860ರ ವೇಳೆಗೇ ಶಂಕಿಸಿದ್ದರು. ಪಟ್ನಮ್‌ರ ಓದನ್ನು ಉದ್ಧರಿಸಿದವರು ಪಾರ್ಟನ್‌ರ ಶಂಕೆಯನ್ನು ಮಾತ್ರ ಜಾಣತನದಿಂದ ಮರೆತರು.

ಪಾರ್ಟನ್‌ರ ಪಕ್ಷಕ್ಕೆ ಮೂರು ಸಮರ್ಥನೆಗಳಿವೆ. ಒಂದು, ಕ್ರಯಪತ್ರ ರುಜುವಾತಾದ ಮೇಲೆ ನ್ಯಾಯಾಲಯ ಮಾಡಬೇಕಾದ ಕೆಲಸ ಅದನ್ನು ದಾಖಲೆಗೆ ಸೇರಿಸಲು ಆದೇಶಿಸುವುದು. ‘ಎಲ್ಲ ಸರಿಯಿದೆ’ ಎಂದು ಬೆನ್ನು ತಟ್ಟುವುದಲ್ಲ. ಎರಡು, ಕಡತ ಬರೆಯುವವನು ನ್ಯಾಯಾಲಯದ ಗುಮಾಸ್ತ. ಜಾಕ್ಸನ್ ಅಲ್ಲಿ ಪತ್ರವನ್ನು ರುಜುವಾತುಪಡಿಸಿದವನು ಮಾತ್ರ. ಅಕ್ಷರ ಯಾವುದೇ ಇರಲಿ, ಅದರಿಂದ ಜಾಕ್ಸನ್‌ನ ಸ್ಪೆಲಿಂಗ್ ಜ್ಞಾನವನ್ನು ಅಳೆಯುವುದು ಹೇಗೆ? ಮೂರು, ಮೋಡಿ ಬರಹದಲ್ಲಿ ಆರ್ ಮತ್ತು ಕೆಗಳ ಬಾಲ ಒಂದೇ ತೆರನಾಗಿ ಇಳಿಯುತ್ತದೆ. ತಾಳೆಗರಿಯಲ್ಲಿ ಪ, ವ, ಮಗಳೊಡನೆ ಗುದ್ದಾಡಿದ ನಮ್ಮ ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಿಲ್ಲ. ಅಕ್ಷರ ಸಂದಿಗ್ಧವಾದಾಗ ಸಂದರ್ಭವೇ ಪಾಠವನ್ನು ತೀರ್ಮಾನಿಸಬೇಕು.

ವಿಲಿಯಂ ರಿಚರ್ಡ್‌ಸನ್‌ನ 1815ರ ದಿನಚರಿಯದೂ ಇದೇ ಪಾಡು. ಬಾಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟವನು ಟ್ರೆಂಟನ್‌ನ ಪ್ರಸ್ತಾಪದ ಬಳಿ ಬರೆದ ಎರಡು ಅಕ್ಷರಗಳನ್ನು ಕೆಲವರು ‘ಓಕೆ’ ಎಂದರು. ಬರೆಯಹೊರಟ ಮಾತನ್ನು ಅರ್ಧಕ್ಕೇ ಬಿಟ್ಟ ಗುರುತು ಅದು ಎಂಬ ಭಾಷಾವಿದ್ವಾಂಸ ಆ್ಯಲನ್ ವಾಕರ್ ರೀಡ್‌ರ ವಿವರಣೆಯೇ ನನಗೆ ಒಪ್ಪಿತ.

ರೀಡ್ 1963–64ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯ ಲೇಖನಗಳಲ್ಲಿ ತೋರಿಸಿದಂತೆ, ಗಟ್ಟಿ ನೆಲ ಸಿಗುವುದು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ. ಅಲ್ಲಿ ‘ಓ.ಕೆ.’ಯ ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂಬ ಅರ್ಥವನ್ನೂ ಅಚ್ಚುಮಾಡಿದ್ದಾರೆ. ಬೇಕೆಂದೇ ತಪ್ಪು ಸ್ಪೆಲಿಂಗ್ ಬರೆದು ಮೊದಲಕ್ಷರಗಳನ್ನಷ್ಟೇ ಉಳಿಸುವ ಚೇಷ್ಟೆ ಆಗ ಬಾಸ್ಟನ್ ಪತ್ರಿಕೆಗಳಲ್ಲಿ ಜೋರಾಗಿತ್ತು. ‘ಆಲ್ ರೈಟ್’ ಕೂಡ ‘ಓ.ಡಬ್ಲ್ಯು.’ ಆಗಿತ್ತು. ಅದು ಸತ್ತು ಇದು ಉಳಿದದ್ದಕ್ಕೆ ಮರುವರ್ಷದ ಅಧ್ಯಕ್ಷ ಚುನಾವಣೆಯ ರಾಜಕೀಯ ಕಾರಣ. ಕಿಂಡರ್‌ಹುಕ್ ಊರಿನವನಾದ ಅಂದಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್‌ನ ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂಬ ಅರ್ಥ ಹಚ್ಚಿ ನ್ಯೂಯಾರ್ಕ್‌ನಲ್ಲಿ ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿ ವಿಗ್ ಪಕ್ಷದವರು ಅದೇ ಅಕ್ಷರಗಳಿಗೆ ‘ಕೈಯಲ್ಲಿ ಕಾಸಿಲ್ಲ’ ಎಂಬಂಥ ವಿಸ್ತರಣೆ ಕೊಟ್ಟರು. ವ್ಯಾನ್ ಬ್ಯೂರನ್ ಸೋತ, ಪದ ಗೆದ್ದಿತು. ಮುಂದೆ ಒಪ್ಪಿಗೆ, ಅನುಮತಿ, ‘ಪರವಾಗಿಲ್ಲ’ ಎಂಬ ಅರೆಮನಸ್ಸಿನ ಮೆಚ್ಚುಗೆ, ಕೊನೆಗೆ ಮಾತು ಮುಗಿಸುವ ಸೂಚನೆ ಎಲ್ಲವೂ ಅದಕ್ಕೆ ಅಂಟಿಕೊಂಡವು.

ಅಮೆರಿಕದ ಮೂಲನಿವಾಸಿಗಳ ಚಾಕ್ಟಾ ಭಾಷೆಯ ‘ಓಕೆ’, ಭಾಷಾವಿದ್ವಾಂಸ ಡೇವಿಡ್ ಡಾಲ್ಬಿ ಮುಂದಿಟ್ಟ ಪಶ್ಚಿಮ ಆಫ್ರಿಕಾದ ಮೂಲ ಇವೆರಡನ್ನೂ ನಾನು ಹಗುರವಾಗಿ ಕಾಣುವುದಿಲ್ಲ; ಆಫ್ರಿಕಾದಿಂದ ಬಂದ ಗುಲಾಮರ ಮಾತು ಕಡತಕ್ಕೆ ಏರುತ್ತಿದ್ದದ್ದೇ ಅಪರೂಪ. ಆದರೆ ಧ್ವನಿಸಾಮ್ಯದಿಂದ ವಂಶಾವಳಿ ಸಿದ್ಧವಾಗುವುದಿಲ್ಲ. 1839ಕ್ಕಿಂತ ಹಿಂದಿನ ಪ್ರಯೋಗ ಕಂಡೆವೆನ್ನುವವರು ಮೂಲ ಹಾಳೆಯನ್ನು ಮುಂದಿಡಲಿ. ಸಮ್ನರ್ ಕೌಂಟಿಯ ನಮೂದನ್ನು ಮಾತ್ರ ಇನ್ನು ಆಧಾರಗಳ ಪಟ್ಟಿಯಿಂದ ತೆಗೆದುಹಾಕತಕ್ಕದ್ದು.