ಅಧಿಕಾರ ಬಿಟ್ಟುಕೊಟ್ಟ ಅರಸರು: ಟೊಂಗಾ ರಾಜ್ಯದ ಕಥೆ

ನವೆಂಬರ್ ತಿಂಗಳಲ್ಲಿ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. ‘ರಾಜ’ ಎಂದೊಡನೆ ನಮ್ಮ ಮಕ್ಕಳ ಕಣ್ಣಮುಂದೆ ಬರುವುದು ಕಿರೀಟ, ಸಿಂಹಾಸನ, ಅಂಬಾರಿ. ಹಾಗಾದರೆ ರಾಜನ ದೊಡ್ಡತನ ಇರುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಈ ಸಲ ಬಹುದೂರದ ಪೆಸಿಫಿಕ್ ಮಹಾಸಾಗರದತ್ತ ಹೋಗೋಣ. ಅಲ್ಲಿನ ಪಾಲಿನೇಷ್ಯಾ ದ್ವೀಪಗಳಲ್ಲಿ ಇಂದಿಗೂ ಉಳಿದಿರುವ ಏಕೈಕ ಸ್ವತಂತ್ರ ರಾಜ್ಯಪ್ರಭುತ್ವ ಟೊಂಗಾ. ಸುಮಾರು 170 ದ್ವೀಪಗಳು, ಒಂದು ಲಕ್ಷದಷ್ಟು ಜನ. ಆ ನಾಡಿನ ಇತಿಹಾಸದ ಮೂರು ಮುಖ್ಯ ದಿನಗಳೂ ನವೆಂಬರ್ ತಿಂಗಳಲ್ಲೇ ಬಂದಿರುವುದು ವಿಶೇಷ.

ಟೊಂಗಾದ ಅರಸುಮನೆತನ ಸಾವಿರ ವರ್ಷ ಹಳೆಯದೆನ್ನುತ್ತಾರೆ. ಹಳೆಯ ಅರಸರಿಗೆ ‘ಟುಯಿ ಟೊಂಗಾ’ ಎಂಬ ಬಿರುದು. ದೊಡ್ಡ ದ್ವೀಪ ಟೊಂಗಾಟಾಪುವಿನಲ್ಲಿ ಮೂರು ಬೃಹತ್ ಕಲ್ಲುಗಳಿಂದ ಕಟ್ಟಿದ ಹೆಬ್ಬಾಗಿಲೊಂದು ಈಗಲೂ ನಿಂತಿದೆ. ತನ್ನ ಇಬ್ಬರು ಮಕ್ಕಳು ಜಗಳವಾಡದೆ ಒಂದಾಗಿರಲಿ ಎಂದು ಅರಸನೊಬ್ಬ ಎರಡು ಕಂಬಗಳ ಮೇಲೆ ತೊಲೆಗಲ್ಲು ಇಡಿಸಿದನೆಂದು ಅಲ್ಲಿನವರು ಹೇಳುತ್ತಾರೆ. ಆದರೆ ಕಾಲಾಂತರದಲ್ಲಿ ಅರಸೊತ್ತಿಗೆ ಮೂರು ಶಾಖೆಗಳಾಗಿ ಒಡೆಯಿತು. 1799ರಲ್ಲಿ ಒಬ್ಬ ಅರಸನ ಕೊಲೆಯಾಗಿ, ಅರ್ಧ ಶತಮಾನ ಕಾಲ ಅಂತರ್ಯುದ್ಧ ನಡೆಯಿತು.

ಈ ಗೊಂದಲದ ನಡುವೆ ಮೇಲೆ ಬಂದವನು ಹಾಪೈ ದ್ವೀಪಗಳ ಒಡೆಯ ಟೌಫಾಹೌ. ಮೆಥೋಡಿಸ್ಟ್ ಮಿಷನರಿಗಳ ಬೋಧನೆ ಕೇಳಿ 1831ರಲ್ಲಿ ದೀಕ್ಷಾಸ್ನಾನ ಪಡೆದು ಜಾರ್ಜ್ ಎಂಬ ಹೆಸರು ತಾಳಿದ. 1839ರಲ್ಲಿ ವವಾವು ದ್ವೀಪದಲ್ಲಿ ಮೊದಲ ಬಾರಿಗೆ ಲಿಖಿತ ಕಾನೂನು ಹೊರಡಿಸಿದ. ಅದೇ ಸಮಯದಲ್ಲಿ ಒಂದು ಹಿಡಿ ಮಣ್ಣನ್ನು ಮೇಲೆತ್ತಿ ತನ್ನ ನಾಡನ್ನು ದೇವರಿಗೆ ಒಪ್ಪಿಸಿದನೆಂದು ಟೊಂಗಾದ ಜನ ಇಂದಿಗೂ ನೆನೆಯುತ್ತಾರೆ.

ನಮ್ಮ ಧರ್ಮಸಭೆಗೂ ಈ ಕಥೆಯಲ್ಲಿ ಪಾಲಿದೆ. 1842ರಲ್ಲಿ ಫ್ರೆಂಚ್ ಮಾರಿಸ್ಟ್ ಗುರುಗಳು ಅಲ್ಲಿಗೆ ಬಂದರು. ಟೌಫಾಹೌವಿನ ವಿರೋಧಿ ಮುಖಂಡರಲ್ಲಿ ಹಲವರು ಕಥೋಲಿಕರಾದರು. ಕೊನೆಯ ಟುಯಿ ಟೊಂಗಾ ಲೌಫಿಲಿಟೊಂಗಾ ಸಹ ಕಥೋಲಿಕನಾದ. ಹೀಗೆ ರಾಜಕೀಯದ ಜಗಳಕ್ಕೆ ಧರ್ಮದ ಬಣ್ಣ ಬಂತು. 1852ರಲ್ಲಿ ಪೇಆ ಕೋಟೆ ಬಿದ್ದಾಗ ಗೆದ್ದ ಅರಸ ಸೋತವರ ಪ್ರಾಣ ತೆಗೆಯದೆ ಕ್ಷಮಿಸಿದ. 1855ರಲ್ಲಿ ಫ್ರಾನ್ಸಿನೊಡನೆ ಒಪ್ಪಂದವಾಗಿ ಕಥೋಲಿಕರಿಗೆ ಆರಾಧನಾ ಸ್ವಾತಂತ್ರ್ಯ ದೊರೆಯಿತು.

ಆವರೆಗೆ ಟೊಂಗಾದ ಬಡವನಿಗೆ ತನ್ನದೆಂಬುದು ಏನೂ ಇರಲಿಲ್ಲ. ಮುಖಂಡ ಕರೆದಾಗ ಬಿಟ್ಟಿ ಚಾಕರಿ ಮಾಡಬೇಕು, ಕೇಳಿದಾಗ ಬೆಳೆದದ್ದನ್ನು ಒಪ್ಪಿಸಬೇಕು. 1862ರ ಜೂನ್ 4ರಂದು ಅರಸ ಇದನ್ನು ಕೊನೆಗಾಣಿಸಿದ. ಇನ್ನು ಮುಂದೆ ಯಾವ ಮುಖಂಡನೂ ಪ್ರಜೆಯಿಂದ ಬಲವಂತವಾಗಿ ಏನನ್ನೂ ಕಸಿಯುವಂತಿಲ್ಲ ಎಂದು ಸಾರಿದ. 1875ರ ನವೆಂಬರ್ 4ರಂದು ಸಂವಿಧಾನವನ್ನೇ ಕೊಟ್ಟ. ಮುಖಂಡನಿಗೂ ಸಾಮಾನ್ಯನಿಗೂ ಒಂದೇ ಕಾನೂನು ಎಂದು ಅದು ಹೇಳಿತು. ಟೊಂಗಾದ ನೆಲವನ್ನು ಪರದೇಶಿಗಳಿಗೆ ಮಾರುವುದನ್ನೂ ನಿಷೇಧಿಸಿತು. ಸುತ್ತಲಿನ ದ್ವೀಪಗಳನ್ನು ಯೂರೋಪಿನವರು ಒಂದೊಂದಾಗಿ ನುಂಗುತ್ತಿದ್ದಾಗ ಟೊಂಗಾ ಉಳಿಯಲು ಇದೂ ಒಂದು ಕಾರಣ. 1900ರಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟರೂ ಸಿಂಹಾಸನ ಅಲುಗಲಿಲ್ಲ. 1970ರ ಜೂನ್ 4ರಂದು ಆ ರಕ್ಷಣೆಯೂ ಮುಗಿಯಿತು.

ಆದರೆ ಈ ಅರಸನನ್ನು ಸಂತನೆಂದು ನಾವು ಹೊಗಳಬೇಕಾಗಿಲ್ಲ. ಮಿಷನರಿಯಾಗಿದ್ದು ನಂತರ ಪ್ರಧಾನಮಂತ್ರಿಯಾದ ಶರ್ಲಿ ಬೇಕರ್‌ನ ಮಾತು ಕೇಳಿ 1885ರಲ್ಲಿ ಅರಸ ತನ್ನದೇ ಸ್ವತಂತ್ರ ಚರ್ಚನ್ನು ಸ್ಥಾಪಿಸಿದ. ಹಳೆಯ ಮೆಥೋಡಿಸ್ಟ್ ಸಭೆಯನ್ನು ಬಿಡದವರು ಏಟು ತಿಂದರು, ಕೆಲವರು ಫಿಜಿಗೆ ಗಡೀಪಾರಾದರು. ಬಿಡುಗಡೆ ಕೊಟ್ಟ ಕೈಯೇ ದೇವರ ಹೆಸರಿನಲ್ಲಿ ಹಿಂಸೆಗೂ ಇಳಿಯಿತು.

ಆತನ ನಂತರ ಬಂದವರು ಸಂವಿಧಾನವನ್ನು ಉಳಿಸಿಕೊಂಡರು, ಆದರೆ ಅಧಿಕಾರವನ್ನು ಮುಂದಕ್ಕೆ ಹಂಚಲಿಲ್ಲ. 1918ರಿಂದ 1965ರವರೆಗೆ ಆಳಿದ ರಾಣಿ ಸಲೋಟೆಯನ್ನು ಜನ ತಾಯಿಯಂತೆ ಪ್ರೀತಿಸಿದರು. ಆದರೂ ಮಂತ್ರಿಗಳನ್ನು ನೇಮಿಸುವವರು ಅರಸರೇ. ಆಕೆಯ ಮಗನ ಕಾಲದ ಸಂಸತ್ತಿನಲ್ಲಿ 33 ಕುಲೀನರಿಗೆ ಒಂಬತ್ತು ಸ್ಥಾನ, ಉಳಿದೆಲ್ಲ ಪ್ರಜೆಗಳಿಗೂ ಸೇರಿ ಒಂಬತ್ತೇ ಸ್ಥಾನ!

ಇದನ್ನು ಪ್ರಶ್ನಿಸಿದವರಲ್ಲಿ ಶಾಲಾ ಮೇಷ್ಟರಾಗಿದ್ದ ಅಕಿಲಿಸಿ ಪೊಹಿವಾ ಮುಖ್ಯರು. ಸರ್ಕಾರವನ್ನು ಟೀಕಿಸಿದ್ದಕ್ಕೆ ಕೆಲಸ ಕಳೆದುಕೊಂಡರು, 1987ರಲ್ಲಿ ಸಂಸತ್ತಿಗೆ ಆಯ್ಕೆಯಾದರು, 1996ರಲ್ಲಿ ಸೆರೆಮನೆಗೂ ಹೋದರು. ಕಥೋಲಿಕ ಧರ್ಮಾಧ್ಯಕ್ಷ ಪಟೆಲಿಸಿಯೊ ಫಿನೌ ಅವರು 1993ರಲ್ಲಿ ನಿಧನರಾಗುವವರೆಗೂ ಬಡವರ ಪರವಾಗಿ ದನಿಯೆತ್ತಿದರು. ಕಥೋಲಿಕ ಗುರುಗಳೊಬ್ಬರು ಪ್ರಜಾಪ್ರಭುತ್ವ ಚಳವಳಿಯ ಮುಂದಾಳುಗಳಲ್ಲಿ ಇದ್ದರು. ಕಥೋಲಿಕರು ಅಲ್ಲಿ ಅಲ್ಪಸಂಖ್ಯಾತರು ಎಂಬುದನ್ನು ನಾವು ಮರೆಯಬಾರದು.

ಸುಧಾರಣೆ ತಡವಾಯಿತು. 2005ರಲ್ಲಿ ಸರ್ಕಾರಿ ನೌಕರರು ವಾರಗಟ್ಟಲೆ ಮುಷ್ಕರ ಹೂಡಿದರು. 2006ರ ನವೆಂಬರ್ 16ರಂದು ರಾಜಧಾನಿ ನುಕುಅಲೋಫಾದಲ್ಲಿ ದಂಗೆಯೆದ್ದು, ಪೇಟೆಯ ಬಹುಭಾಗ ಸುಟ್ಟುಹೋಯಿತು. ಎಂಟು ಜೀವಗಳು ಬೆಂಕಿಗೆ ಬಲಿಯಾದವು.

ಆಗಷ್ಟೇ ಪಟ್ಟಕ್ಕೆ ಬಂದಿದ್ದ ಐದನೇ ಜಾರ್ಜ್ ಟುಪೌ, 2008ರಲ್ಲಿ ತನ್ನ ಕಿರೀಟಧಾರಣೆಗೆ ಮೂರು ದಿನ ಇರುವಾಗ, ದಿನನಿತ್ಯದ ಆಡಳಿತದ ಅಧಿಕಾರವನ್ನು ಬಿಟ್ಟುಕೊಡುವುದಾಗಿ ಪ್ರಕಟಿಸಿದ. 2010ರ ನವೆಂಬರ್ 25ರ ಚುನಾವಣೆಯಲ್ಲಿ 26 ಸ್ಥಾನಗಳ ಪೈಕಿ 17ಕ್ಕೆ ಸಾಮಾನ್ಯ ಜನರೇ ಪ್ರತಿನಿಧಿಗಳನ್ನು ಆರಿಸಿದರು. 2014ರಲ್ಲಿ ಆ ಮೇಷ್ಟರೇ ಪ್ರಧಾನಮಂತ್ರಿಯಾದರು. 2017ರಲ್ಲಿ ಆರನೇ ಟುಪೌ ಅರಸರು ಸಂಸತ್ತನ್ನು ವಿಸರ್ಜಿಸಿದಾಗ ಜನ ಪೊಹಿವಾ ಅವರನ್ನು ಇನ್ನೂ ಹೆಚ್ಚಿನ ಬಲದೊಂದಿಗೆ ಮರಳಿ ಕಳುಹಿಸಿದರು. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸ್ಥಾನದಲ್ಲಿದ್ದರು. ಮಸೂದೆಯನ್ನು ತಡೆಹಿಡಿಯುವ ಅಧಿಕಾರ ಅರಸರಲ್ಲೇ ಉಳಿದಿತ್ತು. ಕುಲೀನರ ಒಂಬತ್ತು ಸ್ಥಾನಗಳೂ ಹಾಗೆಯೇ ಇದ್ದವು. ಕಥೆ ಪೂರ್ತಿಯಾಗಿಲ್ಲ.

1862ರಲ್ಲಿ ಅರಸ ತಾನಾಗಿಯೇ ಕೊಟ್ಟದ್ದು ಸಿಂಹಾಸನಕ್ಕೆ ಬುನಾದಿಯಾಯಿತು. ಆಮೇಲಿನವರು ಕೊಡಲು ತಡಮಾಡಿದ್ದಕ್ಕೆ 2006ರಲ್ಲಿ ಪೇಟೆ ಉರಿಯಿತು. ಇದು ಅರಸರಿಗೆ ಮಾತ್ರ ಹೇಳಿದ ಪಾಠವಲ್ಲ. ಬೀರುವಿನ ಕೀಲಿಕೈ ಸೊಸೆಗೆ ಕೊಡದ ಅತ್ತೆ, ಬೆಳೆದ ಮಗನಿಗೆ ಮಾತಾಡಲು ಬಿಡದ ಅಪ್ಪ, ಸಂಘದ ಕುರ್ಚಿ ಬಿಟ್ಟೇಳದ ಹಿರಿಯ – ನಮ್ಮೆಲ್ಲರ ಕೈಯಲ್ಲೂ ಒಂದು ಪುಟ್ಟ ರಾಜ್ಯವಿದೆ. ಶಿಷ್ಯರ ಪಾದ ತೊಳೆದ ರಾಜನ ಹಬ್ಬ ಆಚರಿಸುವ ನಾವು, ಈ ಸಲ ಏನನ್ನು ಬಿಟ್ಟುಕೊಡಬಲ್ಲೆವು ಎಂದು ಮನೆಮಂದಿಯೆಲ್ಲ ಕೂತು ಯೋಚಿಸೋಣ.