ಮಂಡ್ಯ ಹಿಸ್ಟರಿ, ಭಾಗ 9: ‘ತಿಥಿ’ ನೋಡಿ ನಕ್ಕಿದ್ದು ಯಾಕೆ?

ಸೆಂಚುರಿ ಗೌಡ್ರು ಬೀದೀಲಿ ಕೂತು ಹೋಗೋರು ಬರೋರನ್ನೆಲ್ಲ ಬಯ್ಯೋ ಕ್ಲಿಪ್ ನೀವೂ ನೋಡಿರ್ತೀರ. ಸಿನಿಮಾದಲ್ಲಿ ಅದಾಗಿ ಸ್ವಲ್ಪ ಹೊತ್ತಿಗೇ ಆ 101 ವರ್ಷದ ಅಜ್ಜ ಸತ್ತು ಬೀಳ್ತಾರೆ. ಕ್ಲಿಪ್‌ನಲ್ಲಿ ಬೈಗುಳ ಮಾತ್ರ ಐತೆ, ಸಾವು ಕಟ್.

ಮೊದಲು ಹಿಸ್ಟರಿ. ‘ತಿಥಿ’ ಶೂಟ್ ಆಗಿದ್ದು ನಮ್ಮ ಜಿಲ್ಲೆಯ ನೊದೆಕೊಪ್ಪಲು ಕಡೆ. ನಿರ್ದೇಶಕ ರಾಮ್ ರೆಡ್ಡಿ. ಜೊತೆಗೆ ಕಥೆ ಬರೆದ ಈರೇಗೌಡ್ರು ಅದೇ ಊರಿನವರು. ನಟರೆಲ್ಲ ಹಳ್ಳಿ ಜನಾನೇ, ಒಬ್ಬರೂ ವೃತ್ತಿ ನಟರಲ್ಲ. 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ. ನಮ್ಮ ಥಿಯೇಟರ್‌ಗಳಿಗೆ ಬಂದಿದ್ದು 2016ರ ಮೇ ತಿಂಗಳಲ್ಲಿ.

ಕಥೆ ನೆನಪಿದೆಯಾ? ಅಜ್ಜನ ಹನ್ನೊಂದನೇ ದಿನದ ತಿಥಿ ಮಾಡ್ಬೇಕು, ಊರಿಗೆಲ್ಲ ಊಟ ಹಾಕ್ಬೇಕು. ಮೊಮ್ಮಗ ತಮ್ಮಣ್ಣನಿಗೆ 5 ಎಕರೆ ಜಮೀನು ಮಾರೋ ಅವಸರ. ಅದು ಬರಬೇಕಾಗಿರೋದು ಅವನಪ್ಪ ಗಡ್ಡಪ್ಪನಿಗೆ, ಗಡ್ಡಪ್ಪನಿಗೋ ಜಮೀನೂ ಬೇಡ, ಏನೂ ಬೇಡ. ಸರಿ, ಬದುಕಿರೋ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡಿಸ್ತಾನೆ! ಬರೀ ಇಷ್ಟು ಹೇಳಿದ್ರೆ ತಮ್ಮಣ್ಣ ದುಡ್ಡಿಗೆ ಅಪ್ಪನನ್ನೇ ಕಾಗದದಲ್ಲಿ ಸಾಯಿಸಿದ ಖದೀಮ. ಆದ್ರೆ ಸಿನಿಮಾ ಅವನ ಸಾಲ, ಅಲೆದಾಟ, ತಿಥಿ ಖರ್ಚು ಎಲ್ಲಾನೂ ತೋರಿಸುತ್ತೆ. ನಮ್ಮ ಮದ್ದೂರು, ಮಳವಳ್ಳಿ ಕಡೆ ಖಾತೆ ಬದಲಾವಣೆಗೆ ಆಫೀಸಿಗೆ ಅಲೆದಿರೋ ಯಾರನ್ನಾದ್ರೂ ಕೇಳಿ, ಅವರಿಗೆ ತಮ್ಮಣ್ಣ ಅರ್ಥ ಆಗ್ತಾನೆ. ನಗು ಬರುತ್ತೆ, ಪಾಪ ಅಂತಾನೂ ಅನ್ಸುತ್ತೆ.

ಅದೇ 2015ರಲ್ಲಿ ಮಂಡ್ಯ ರೈತರ ಆತ್ಮಹತ್ಯೆಗಳಿಂದ ಸುದ್ದಿಯಲ್ಲಿತ್ತು. ಕಬ್ಬು, ಸಾಲ, ಬರಬೇಕಾದ ಬಾಕಿ. ಈಗ 2023ಕ್ಕೆ ಬನ್ನಿ. ಸೆಪ್ಟೆಂಬರ್‌ನಲ್ಲಿ ಸಚಿವ ಶಿವಾನಂದ ಪಾಟೀಲರು, ಪರಿಹಾರ 5 ಲಕ್ಷ ಆದ ಮೇಲೆ ರೈತರ ಆತ್ಮಹತ್ಯೆ ವರದಿಯಾಗೋದು ಜಾಸ್ತಿ ಆಗಿದೆ ಅನ್ನೋ ಅರ್ಥದ ಮಾತಾಡಿದ್ರು. ಅವರೇನು ಜೋಕ್ ಮಾಡ್ಲಿಲ್ಲ, ನಿಜ. ಆದ್ರೆ ವಿಷಯ ‘ತಿಥಿ’ದೇ: ಸಾವು, ಕಾಗದ, ದುಡ್ಡು. ಇಲ್ಲಿ ತಮ್ಮಣ್ಣನ ಸಾಲದ ಭಾಗ ಪೂರ್ತಿ ಕಟ್. ಉಳಿದಿದ್ದು ಅನುಮಾನ ಒಂದೇ. ರೈತ ಸಂಘಟನೆಗಳು ಸಿಟ್ಟಾಗಿದ್ದು ನ್ಯಾಯಾನೇ ಕಣ್ರೀ.

ಸಿನಿಮಾದಲ್ಲಿ ಇನ್ನೊಂದು ಸೀನ್ ಇದೆ. ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ತನ್ನ ಸಂಸಾರದ ಕಥೆ ಹೇಳ್ತಾನೆ. ಅಲ್ಲೀವರೆಗೂ ನಗಿಸಿದ ಸೆಂಚುರಿ ಗೌಡ ಮಗನಿಗೆ ಏನು ಮಾಡಿದ್ದ ಅಂತ ಆಗ ಗೊತ್ತಾಗುತ್ತೆ. ನೋಡದೇ ಇರೋರಿಗೆ ನಾನು ಹೇಳಲ್ಲ. ಅದನ್ನ ಯಾರೂ ರೀಲ್ ಮಾಡಿದ್ದು ನಾನಂತೂ ನೋಡಿಲ್ಲ.

ಸಿನಿಮಾ ಗೆದ್ದ ಮೇಲೆ ‘ತರ್ಲೆ ವಿಲೇಜ್’ ಥರ ಹಲವು ಸಿನಿಮಾಗಳಿಗೆ ಈ ಹಿರಿಯರನ್ನ ಕರ್ಕೊಂಡು ಹೋದ್ರು. ಅವರಿಗೆ ಕೆಲಸ, ಕಾಸು ಸಿಕ್ತು, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಗಡ್ಡ ಮತ್ತು ಬೈಗುಳಾನೇ ಅವರ ಪೂರ್ತಿ ಪರಿಚಯ ಆಗೋಯ್ತು. ಈಗ್ಲೂ ‘ಮಂಡ್ಯ ಭಾಷೆ’ ಅಂದ್ರೆ ಬೇರೆ ಊರಿನೋರು ಆ ಕ್ಲಿಪ್ಪನ್ನೇ ಕಳಿಸ್ತಾರೆ. ಕಳಿಸಿದ್ರೆ, ಪೂರ್ತಿ ಸಿನಿಮಾ ನೋಡಪ್ಪ ಅನ್ನಿ.

ಮುಂದಿನ ಭಾಗ: ಶಿವಪುರ ಧ್ವಜ ಸತ್ಯಾಗ್ರಹ, 1938.

#ಮಂಡ್ಯ #ಮದ್ದೂರು #ಮಳವಳ್ಳಿ #ತಿಥಿ