ಯಲಹಂಕದ ಭೂಕೇಂದ್ರಕ್ಕೆ ವೃತ್ತೀಯ ಧ್ರುವೀಕರಣದ ಲೂಪ್ ಆಂಟೆನಾ: ದಿಗಂತದ ಬಳಿಯ ಸಮಸ್ಯೆ

2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ ಕಕ್ಷೆಗೆ ಸೇರಿಸಿದ ಸ್ಟುಡ್‌ಸ್ಯಾಟ್, ಒಂದು ಕಿಲೋಗ್ರಾಂಗಿಂತ ಹಗುರವಾದ ಉಪಗ್ರಹ. ಬೆಂಗಳೂರು, ಹೈದರಾಬಾದುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಇದರ ಸಂಕೇತ ಹಿಡಿಯಲು ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜಿನಲ್ಲಿ ಭೂಕೇಂದ್ರ ಸ್ಥಾಪನೆಯಾಗಿತ್ತು. ಅಂಥ ಕೇಂದ್ರಕ್ಕೆ, 437 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಲೂಪ್ ಆಂಟೆನಾ ಎಷ್ಟರಮಟ್ಟಿಗೆ ಒದಗುತ್ತದೆ?

ಪುಟ್ಟ ಉಪಗ್ರಹಗಳ ತಂತಿ ಆಂಟೆನಾ ಸಾಮಾನ್ಯವಾಗಿ ರೇಖೀಯ ಧ್ರುವೀಕರಣದ ಅಲೆ ಕಳಿಸುತ್ತದೆ. ಉಪಗ್ರಹ ಉರುಳಿದಂತೆ ಅದರ ದಿಕ್ಕು ಬದಲಾಗುತ್ತದೆ. ಅಯಾನುಗೋಳದಲ್ಲಿ ಫ್ಯಾರಡೆ ಪರಿಣಾಮ ಅದನ್ನು ಮತ್ತಷ್ಟು ತಿರುಗಿಸುತ್ತದೆ. ಈ ತಿರುವು ಆವೃತ್ತಿಯ ವರ್ಗಕ್ಕೆ ವಿಲೋಮವಾದ್ದರಿಂದ, ಭಾರತದ ಪಥದರ್ಶಕ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ 1176.45 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಇಲ್ಲಿ ಏಳು ಪಟ್ಟು ಹೆಚ್ಚು. ನೆಲದ ಆಂಟೆನಾ ವೃತ್ತೀಯವಾಗಿದ್ದರೆ ನಷ್ಟ 3 ಡೆಸಿಬೆಲ್‌ಗೆ ನಿಲ್ಲುತ್ತದೆ. ಸಂಕೇತ ಪೂರ್ತಿ ಅಡಗುವುದಿಲ್ಲ.

ಇಲ್ಲಿ ತರಂಗಾಂತರ ಸುಮಾರು 68.6 ಸೆಂ.ಮೀ. ಅಷ್ಟೇ ಪರಿಧಿಯ ಲೂಪಿನ ವ್ಯಾಸ 22 ಸೆಂ.ಮೀ.ಗೆ ಹತ್ತಿರ. ಮುಚ್ಚಿದ ಲೂಪಿನಲ್ಲಿ ಸ್ಥಾಯಿ ತರಂಗ ನಿಲ್ಲುವುದರಿಂದ ವಿಕಿರಣ ರೇಖೀಯವಾಗಿಯೇ ಉಳಿಯುತ್ತದೆ. ತಂತಿಯಲ್ಲಿ ತಕ್ಕ ಜಾಗದಲ್ಲಿ ಸಣ್ಣ ಸೀಳು ಬಿಟ್ಟರೆ ಪ್ರವಾಹ ಒಂದೇ ದಿಕ್ಕಿಗೆ ಸುತ್ತುವ ಅಲೆಯಾಗುತ್ತದೆ, ಧ್ರುವೀಕರಣ ವೃತ್ತೀಯವಾಗುತ್ತದೆ. ಸೀಳನ್ನು ಫೀಡ್‌ನ ಇನ್ನೊಂದು ಬದಿಗೆ ಸರಿಸಿದರೆ ಬಲಸುತ್ತು ಎಡಸುತ್ತಾಗುತ್ತದೆ. ಕಾಲು ತರಂಗಾಂತರ ಕೆಳಗೆ ಲೋಹದ ಪ್ರತಿಫಲಕವಿಟ್ಟರೆ ವಿಕಿರಣವೆಲ್ಲ ಮೇಲಕ್ಕೆ.

ಇಷ್ಟನ್ನು ವಿನ್ಯಾಸಕಾರರೆಲ್ಲ ಬಲ್ಲರು. ಆದರೆ ಅಕ್ಷಾನುಪಾತವನ್ನು (ಧ್ರುವೀಕರಣದ ದೀರ್ಘವೃತ್ತದ ಉದ್ದ, ಗಿಡ್ಡ ಅಕ್ಷಗಳ ಅನುಪಾತ; ಪೂರ್ಣ ವೃತ್ತೀಯವಾದರೆ ಸೊನ್ನೆ ಡೆಸಿಬೆಲ್) ನೆತ್ತಿಯ ದಿಕ್ಕಿನಲ್ಲಿ ಮಾತ್ರ ಅಳೆದು ತೃಪ್ತರಾಗುವುದು ಸರಿಯಲ್ಲ. ಕೆಳಕಕ್ಷೆಯ ಉಪಗ್ರಹ ನೆತ್ತಿಯ ಮೇಲೆ ಕಳೆಯುವ ಹೊತ್ತು ತೀರ ಕಡಿಮೆ. ನೆಲಕ್ಕೆ ಸಮಾಂತರವಾಗಿಟ್ಟ, ಒಂದು ತರಂಗಾಂತರ ಪರಿಧಿಯ ಆದರ್ಶ ಲೂಪಿಗೆ ಲೆಕ್ಕ ಹಾಕಿದರೆ, ಅಕ್ಷಾನುಪಾತ 45 ಡಿಗ್ರಿ ಎತ್ತರದಲ್ಲಿ 2 ಡೆಸಿಬೆಲ್‌ನೊಳಗೇ ಇರುತ್ತದೆ. 30 ಡಿಗ್ರಿಯಲ್ಲಿ 4 ದಾಟುತ್ತದೆ. 10 ಡಿಗ್ರಿಯಲ್ಲಿ 13ರ ಹತ್ತಿರ, ಅಂದರೆ ಹೆಚ್ಚುಕಡಿಮೆ ರೇಖೀಯ. ಯಾವ ತೊಂದರೆ ತಪ್ಪಿಸಲು ಲೂಪು ಆರಿಸಿಕೊಂಡೆವೋ ಅದೇ ಮರಳಿ ಬಂದಂತಾಯಿತು. ಮೇಲಾಗಿ, ವಿಶಾಲ ಪ್ರತಿಫಲಕವಿದ್ದಾಗ ಅದರ ಪರಿಣಾಮವೊಂದರಿಂದಲೇ ಅದೇ 10 ಡಿಗ್ರಿಯಲ್ಲಿ ನೆತ್ತಿಗಿಂತ 11 ಡೆಸಿಬೆಲ್ ಕೊರತೆ ಬೀಳುತ್ತದೆ. 630 ಕಿ.ಮೀ. ಎತ್ತರದ ಉಪಗ್ರಹ ಆಗ ಸುಮಾರು 2,000 ಕಿ.ಮೀ. ದೂರದಲ್ಲಿರುತ್ತದೆ, ದೂರದಿಂದಲೇ ಇನ್ನೂ 10 ಡೆಸಿಬೆಲ್ ಹೋಗುತ್ತದೆ.

ಹಾಗಾಗಿ ಸೀಳುಲೂಪನ್ನು ಉಪಗ್ರಹದ ಜೊತೆ ತಿರುಗುವ ಸ್ತಂಭದ ಮೇಲೆ ಕೂರಿಸಿದರೆ ಮಾತ್ರ ಅದು ಸಾರ್ಥಕ. ಸ್ಥಿರವಾಗಿ ಇಡಲೇಬೇಕಾದ ಕಡೆ, 90 ಡಿಗ್ರಿ ಪ್ರಾವಸ್ಥೆಯ ಅಂತರದಲ್ಲಿ ಚಾಲಿಸಿದ ಎರಡು ತಿರುಚಿದ ಲೂಪುಗಳ, ಅಂದರೆ ನಾಲ್ಕು ತಂತಿಯ ಹೆಲಿಕ್ಸ್‌ನ ಆಯ್ಕೆಯೇ ಮೇಲು. ವಿದ್ಯಾರ್ಥಿ ತಂಡಗಳು ತಮ್ಮ ವರದಿಗಳಲ್ಲಿ 10 ಮತ್ತು 30 ಡಿಗ್ರಿಯ ಅಕ್ಷಾನುಪಾತವನ್ನೂ ತಪ್ಪದೆ ದಾಖಲಿಸಬೇಕು.